ಹಿಂದಕ್ಕೆ ತುಳಿದ ಕಾಲು

1989ರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೆಯ ಕ್ಲಾಸಿನ ಪರೀಕ್ಷೆಯಲ್ಲಿ ಮೂರು ಪೇಪರ್ ಬರೆದಿದ್ದೆ, ಉಳಿದ ಮೂರಕ್ಕೆ ಹೋಗಲಿಲ್ಲ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಕೇಳಿದವರೆಲ್ಲ ಮುಖ ಸಣ್ಣದು ಮಾಡಿಕೊಂಡು ‘ಪಾಪ, ಮನೇಲಿ ಕಷ್ಟ ಇತ್ತೇನೋ’ ಅನ್ನುತ್ತಾರೆ. ಕಷ್ಟ ಇದ್ದೇ ಇತ್ತು. ಆದರೆ ನಾನು ಶಾಲೆ ಬಿಟ್ಟದ್ದು ಅದಕ್ಕಲ್ಲ. ದಾವಣಗೆರೆಯ ಒಂದು ಸೈಕಲ್ ಶಾಪಿನಲ್ಲಿ, ಲಾರಿಯ ಕೆಳಗೆ ಸಿಕ್ಕು ಎಂಟರಂತೆ ಬೆಂಡಾಗಿದ್ದ ಚಕ್ರವೊಂದು ನನ್ನ ಕೈಯಲ್ಲಿ ನೆಟ್ಟಗಾಗಿ ತಿರುಗಿತು. ಆಮೇಲೆ ಬೀಜಗಣಿತ ನನ್ನನ್ನು ಕರೆಯಲಿಲ್ಲ, ನಾನೂ ಅದನ್ನು ಕೇಳಲಿಲ್ಲ.

ಈಗ ಇರುವುದು ಹಾಲೆಂಡಿನ ವೂರ್‌ಬರ್ಗಿನಲ್ಲಿ. ನನ್ನ ಹೆಂಡತಿ ಇಲ್ಲಿನ ವೃದ್ಧರ ಆರೈಕೆ ಮನೆಯೊಂದರಲ್ಲಿ ನರ್ಸ್. ಅವಳ ಪರವಾನಗಿಯ ಬೆನ್ನಿಗೆ ನನ್ನದು ಬಂತು. ‘ಹೆಂಡ್ತಿ ವೀಸಾದಲ್ಲಿ ಬಂದವ್ರಾ?’ ಎಂದು ನಗುವವರು ಈಗಲೂ ಇದ್ದಾರೆ. ಹೌದು, ಹಾಗೇ ಬಂದೆ. ಬಂದ ಮೂರನೆಯ ವಾರ ಕೆಲಸಕ್ಕೆ ನಿಂತೆ. ಟ್ರಾಮ್ ನಿಲ್ದಾಣದ ಬಳಿಯ ಸೈಕಲ್ ವರ್ಕ್‌ಶಾಪಿನ ಡಚ್ ಮಾಲೀಕ ನನಗೆ ಒಂದೂ ಪ್ರಶ್ನೆ ಕೇಳಲಿಲ್ಲ. ಹಾಳಾದ ಚಕ್ರವೊಂದನ್ನು ಕೈಗೆ ಕೊಟ್ಟು ಕಾಫಿ ಕುಡಿಯಲು ಹೋದ. ಬಂದು ಚಕ್ರ ತಿರುಗಿಸಿ ನೋಡಿ ‘ಮಾಂದಾಗ್’ ಅಂದ. ಸೋಮವಾರದಿಂದ ಬಾ ಅಂತ. ನನ್ನ ಇಡೀ ಜೀವಮಾನದ ಇಂಟರ್‌ವ್ಯೂ ಅದೊಂದೇ.

ಹನ್ನೊಂದು ವರ್ಷ ಅಲ್ಲಿ ದುಡಿದೆ. ಹೋದ ವರ್ಷ ಮಾಲೀಕನ ಮೊಣಕಾಲು ಕೈಕೊಟ್ಟವು. ಡಿಸೆಂಬರಿಗೆ ಬಾಗಿಲು ಹಾಕುತ್ತೇನೆ, ಜಾಗ ಮಾರುತ್ತೇನೆ ಎಂದ. ಆಗ ನನ್ನ ಕಣ್ಣಿಗೆ ಬಿದ್ದದ್ದು ಟ್ರೇನಿನಲ್ಲಿ ಒಂದು ಗಂಟೆ ದೂರದ ಆಮ್ಸ್ಟೆಲ್‌ವೀನಿನ ಒಂದು ಕೋಣೆ. ನಮ್ಮ ಕಡೆಯವರೇ ತುಂಬಿರುವ ಅಪಾರ್ಟ್‌ಮೆಂಟುಗಳ ನೆಲಮಾಳಿಗೆ ಅದು. ಮುನ್ನೂರು ಸೈಕಲ್ ನಿಲ್ಲುವ ಜಾಗ. ಮೂಲೆಯಲ್ಲಿ ಒಂದು ಖಾಲಿ ಕೋಣೆ, ಒಂದು ನಲ್ಲಿ, ತಲೆಯ ಮಟ್ಟದಲ್ಲಿ ಒಂದು ಕಿಟಕಿ. ಅಲ್ಲಿ ರಿಪೇರಿ ಮಾಡುವವರೊಬ್ಬರು ಕೂರಲಿ ಎಂದು ನಿವಾಸಿಗಳ ಸಂಘ ಯೋಚಿಸುತ್ತಿತ್ತು. ನಾನು ಹೆಸರು ಕೊಟ್ಟೆ, ನವೆಂಬರ್ ಸಭೆಯಲ್ಲಿ ತೀರ್ಮಾನ. ಮೂವತ್ತಾರು ವರ್ಷ ಬೇರೆಯವರ ಶಾಪಿನಲ್ಲಿ ಕೂತವನಿಗೆ ಆ ಕೋಣೆ ಏನು ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.

ಸಂಘದ ಅಧ್ಯಕ್ಷರು ಬೆಂಗಳೂರಿನವರು, ದೊಡ್ಡ ಕಂಪನಿಯಲ್ಲಿ ದೊಡ್ಡ ಹುದ್ದೆ. ಒಂದು ದಿನ ತಮ್ಮ ಹೊಸ ಟೂರಿಂಗ್ ಸೈಕಲ್ ನಮ್ಮ ವರ್ಕ್‌ಶಾಪಿಗೆ ತಂದು ನಿಲ್ಲಿಸಿದರು. ಅದರ ಬೆಲೆ ಹೇಳಿದರು. ನಾನು ಕೇಳಿರಲಿಲ್ಲ.

“ಬಾಸ್, ಅಕ್ಟೋಬರ್‌ನಲ್ಲಿ ನಾವ್ ನಾಲ್ಕ್ ಜನ ಸ್ಪೇನಿಗೆ ಹೋಗ್ತಿದೀವಿ. ರಿಯೋಹಾ ಅಂತ, ವೈನ್ ರೀಜನ್. ಹಳೇ ರೈಲ್ವೆ ಲೈನ್ ಕಿತ್ತಾಕಿ ಸೈಕ್ಲಿಂಗ್ ಟ್ರ್ಯಾಕ್ ಮಾಡಿದಾರೆ. ಝೀರೋ ಟ್ರಾಫಿಕ್. ಒಂದ್ ಗಾಡಿ ಬರಲ್ಲ. ನೀವೂ ಬನ್ನಿ.”

“ನಾನು ಏನಾಗಿ ಬರ್ಲಿ?”

“ಏನಾಗಿ ಅಂದ್ರೆ... ಫ್ರೆಂಡ್ ಆಗಿ ಬನ್ನಿ. ಹಂಗೇ ಟೂಲ್ಸ್ ತಂದ್ಬಿಡಿ.”

ಮನೆಗೆ ಬಂದು ಹೇಳಿದೆ. ಹೆಂಡತಿ ಡ್ಯೂಟಿಯಿಂದ ಬಂದು ಕಾಲು ನೀಡಿಕೊಂಡು ಕೂತಿದ್ದಳು. ನಮ್ಮ ಮನೆಯ ಮಾತು ಅರ್ಧ ದಖನಿ, ಅರ್ಧ ಕನ್ನಡ. “ಪಾಂಚ್ ದಿನ್ ಕಿ ಬಾತ್ ಹೈ ಜೀ,” ಅಂದಳು. “ಹೋಗಿ ಬರ್ರಿ. ರೂಮ್ ಕೈಗೆ ಸಿಗೋ ತನಕ ಬಾಯಿ ಮುಚ್ಕೊಂಡಿರ್ರಿ. ನಿಮ್ಮ ಕೈಗಿಂತ ನಿಮ್ಮ ಬಾಯಿ ಜಾಸ್ತಿ ಕೆಲ್ಸ ಮಾಡ್ತದೆ.”

ಮುಚ್ಚಿಕೊಂಡಿರಲು ಪ್ರಯತ್ನಪಟ್ಟೆ. ಆದರೆ ನೀವೇ ನೋಡಿ. ಹಾಲೆಂಡಿನಲ್ಲಿ ಸೈಕಲ್ಲಿಗೆ ಬೇರೆ ದಾರಿ, ಬೇರೆ ಸಿಗ್ನಲ್ ದೀಪ, ಬೇರೆ ಸೇತುವೆ, ಕೆಲವು ಕಡೆ ಬೇರೆ ಸುರಂಗ. ಅಂಥ ದೇಶದಲ್ಲಿರುವ ನಾಲ್ವರು ಗಂಡಸರು ಗಾಡಿಗಳಿಲ್ಲದ ದಾರಿ ಹುಡುಕಿಕೊಂಡು ಸಾವಿರದೈನೂರು ಕಿಲೋಮೀಟರ್ ದೂರ ಹೊರಟರು. ಸೈಕಲ್ಲುಗಳು ವ್ಯಾನಿನಲ್ಲಿ, ಮೂವರು ವಿಮಾನದಲ್ಲಿ. ವ್ಯಾನು ಓಡಿಸಲು ನಾನು, ನನ್ನ ಪಕ್ಕದಲ್ಲಿ ಮೈಸೂರಿನವರೊಬ್ಬರು. ಅವರಿಗೆ ವಿಮಾನದ ಟಿಕೆಟ್ ತಡವಾಗಿ ನೆನಪಾಗಿತ್ತು. ಒಳ್ಳೆಯ ಮನುಷ್ಯ. ಫ್ರಾನ್ಸಿನ ಉದ್ದಕ್ಕೂ ನಿದ್ದೆ ಮಾಡಿದರು, ಎಚ್ಚರವಾದಾಗಲೆಲ್ಲ “ಭಾಯ್, ನಿಮಗೆ ನಿದ್ದೆ ಬರ್ತಾ ಇಲ್ಲ ತಾನೆ?” ಎಂದು ಕಾಳಜಿಯಿಂದ ಕೇಳಿದರು.

ರಿಯೋಹಾದ ಒಂದು ಊರಿನ ವಸತಿಗೃಹ ತಲುಪಿದಾಗ ಅಧ್ಯಕ್ಷರು ಬಾಗಿಲಲ್ಲೇ ನಿಂತಿದ್ದರು. ಮಾಲಕಿಗೆ ನನ್ನನ್ನು ಇಂಗ್ಲಿಷಿನಲ್ಲಿ ಪರಿಚಯಿಸಿದರು: ನಮ್ಮ ಮೆಕ್ಯಾನಿಕ್. ಆಕೆ ಅವರಿಗೆಲ್ಲ ಮೇಲಿನ ಮಹಡಿಯ ಬೀಗದ ಕೈ ಕೊಟ್ಟು, ನನಗೆ ವ್ಯಾನು ನಿಲ್ಲಿಸುವ ಅಂಗಳದ ಪಕ್ಕದ ಕೋಣೆ ತೋರಿಸಿದಳು. ಫ್ರೆಂಡ್ ಆಗಿ ಬಂದವನು ಬಾಗಿಲಲ್ಲೇ ಮುಗಿದುಹೋದ. ನಾನು ಮೆಕ್ಯಾನಿಕ್ಕೇ. ಅದನ್ನು ನಾನು ಹೇಳಿಕೊಂಡರೆ ಹೆಮ್ಮೆ. ಅವರು ಹೇಳಿದ ರೀತಿಯೇ ಬೇರೆ ಇತ್ತು.

ಬೆಳಿಗ್ಗೆ ಐವರೂ ಹೊರಟೆವು. ಅವರ ಸಿಂಗಾರ ನೋಡಬೇಕಿತ್ತು: ಹಿಂಬದಿಗೆ ಮೆತ್ತೆ ಹೊಲಿದ ಚಡ್ಡಿ, ಹಳದಿ ಕನ್ನಡಕ, ಬೆನ್ನಿನ ಜೇಬಿನಲ್ಲಿ ಹಿಂಡಿ ತಿನ್ನುವ ಸಕ್ಕರೆ ಅಂಟಿನ ಪೊಟ್ಟಣ. ದಾವಣಗೆರೆಯಲ್ಲಿ ಎರಡು ಹಾಲಿನ ಕ್ಯಾನು ಕಟ್ಟಿಕೊಂಡು ಲಾರಿಗಳ ನಡುವೆ ನುಗ್ಗುತ್ತಿದ್ದವರ ಸೈಕಲ್ಲನ್ನು ನಾನು ರಿಪೇರಿ ಮಾಡಿದವನು. ಅವರಿಗೆ ಜೇಬಿನಲ್ಲಿ ಒಂದು ಬೀಡಿ ಕಟ್ಟು ಸಾಕಿತ್ತು. ನನ್ನ ಸೈಕಲ್ ಜನ ಬಿಸಾಡಿದ ಮೂರು ಸೈಕಲ್ಲುಗಳಿಂದ ನಾನೇ ಜೋಡಿಸಿದ್ದು. ಅದರ ಚೌಕಟ್ಟಿನ ಬಣ್ಣ ಒಂದು, ಮುಂದಿನ ಫೋರ್ಕಿನ ಬಣ್ಣ ಇನ್ನೊಂದು. “ಯೂನೀಕ್ ಆಗಿದೆ,” ಎಂದರು ಒಬ್ಬರು. ಅವರು ಹೊಗಳಿದ್ದಲ್ಲ.

ದಾರಿ ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ರೈಲು ಹೋಗಿದ್ದ ಜಾಗವಾದ್ದರಿಂದ ಏರಿಳಿತ ಕಡಿಮೆ. ಸಣ್ಣ ಜಲ್ಲಿಯ ನೆಲ. ಎರಡೂ ಕಡೆ ದ್ರಾಕ್ಷಿ ತೋಟ. ನಮ್ಮಲ್ಲಿನ ಹಾಗೆ ತಲೆಯ ಮೇಲೆ ಚಪ್ಪರವಿಲ್ಲ. ಮೊಣಕಾಲೆತ್ತರದ ಮೋಟು ಗಿಡಗಳು, ಎಲೆ ಕೆಂಪಾಗುತ್ತಿತ್ತು. ಕೊಯ್ಲು ಮುಗಿದು ಅಲ್ಲಲ್ಲಿ ಒಂದೊಂದು ಗೊಂಚಲು ಮರೆತು ಉಳಿದಿತ್ತು. ನಿಲ್ಲಿಸಿ ತಿಂದೆ. ಸಿಪ್ಪೆ ದಪ್ಪ, ಬೀಜ ದೊಡ್ಡದು, ಬಹಳ ಸಿಹಿ. ಅವರಿಗೆ ಈ ಹಣ್ಣು ಬೇಕಿರಲಿಲ್ಲ, ಕೊಳೆಸಿದ್ದು ಬೇಕಿತ್ತು. ನಾನು ಕುಡಿಯುವವನಲ್ಲ. ಕುಡಿಯುವವರನ್ನು ಬೈಯುವವನೂ ಅಲ್ಲ. ಬಾಯಿಗೆ ಹಾಕಿಕೊಂಡು ಮುಕ್ಕಳಿಸಿ ಬಕೆಟ್ಟಿಗೆ ಉಗಿದು “ಲೆದರ್ ಥರ ಇದೆ” ಎಂದು ಒಬ್ಬರನ್ನೊಬ್ಬರು ಮೆಚ್ಚಿಕೊಳ್ಳುವುದನ್ನು ಮಾತ್ರ ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಚರ್ಮದ ಸೀಟು ಬೇಕಾದಷ್ಟು ಹೊಲಿದಿದ್ದೇನೆ. ಅದರ ರುಚಿ ನೋಡಬೇಕು ಅನ್ನಿಸಿದ್ದಿಲ್ಲ.

ಸುರಂಗ ಬಂದಲ್ಲೆಲ್ಲ ಕೂಗಿದರು. ಪ್ರತಿಧ್ವನಿಯನ್ನು ವಿಡಿಯೋ ಮಾಡಿದರು. ಹೊರಗೆ ಬಂದು “ಎಷ್ಟ್ ಪೀಸ್‌ಫುಲ್ ಅಲ್ವಾ!” ಎಂದರು. ಒಬ್ಬರು ಗಿಡಗಳ ನಡುವೆ ನಿಂತು ಆಫೀಸಿನ ಮೀಟಿಂಗು ಮಾಡಿದರು. ಮತ್ತೊಬ್ಬರು ಹ್ಯಾಂಡಲ್ಲಿಗೆ ಸ್ಪೀಕರ್ ಸಿಕ್ಕಿಸಿಕೊಂಡಿದ್ದರು. ಅದು ಬ್ಯಾಟರಿ ಮುಗಿದು ಸತ್ತ ಮೇಲೆ ನಿಜವಾಗಿ ನಿಶ್ಶಬ್ದವಾಯಿತು. ಐದು ಸೈಕಲ್ಲು, ಜಲ್ಲಿಯ ಮೇಲೆ ಟೈರಿನ ಸದ್ದು, ಅಷ್ಟೆ. ಒಂದು ಚೈನೂ ಕಿರುಗುಟ್ಟುತ್ತಿರಲಿಲ್ಲ, ಒಂದು ಮಡ್‌ಗಾರ್ಡೂ ಗಲಗಲ ಅನ್ನುತ್ತಿರಲಿಲ್ಲ. ಅವರು ಕೇಳಿಸಿಕೊಳ್ಳುತ್ತಿದ್ದ ಮೌನದಲ್ಲಿ ಅರ್ಧ ನನ್ನ ಕೆಲಸ. ಯಾರಿಗೂ ಅದು ಹೊಳೆಯಲಿಲ್ಲ. ಕೆಲಸ ಸರಿಯಾಗಿದ್ದರೆ ಯಾರಿಗೂ ಕಾಣುವುದಿಲ್ಲ.

ಮೊದಲ ದಿನವೇ ನಾನು ಇನ್ನೊಂದನ್ನೂ ನೋಡಿದೆ. ದಾರಿ ಡಾಂಬರು ರಸ್ತೆಯನ್ನು ದಾಟುವ ಕಡೆ ಮರದ ಅಡ್ಡಪಟ್ಟಿ ಇಟ್ಟಿದ್ದರು. ಎಲ್ಲರೂ ಬ್ರೇಕು ಹಿಡಿದು ನಿಂತರು. ಅಧ್ಯಕ್ಷರ ಕಾಲು ಮಾತ್ರ ಪೆಡಲನ್ನು ಹಿಂದಕ್ಕೆ ತುಳಿಯಿತು. ಫ್ರೀವ್ಹೀಲು ಟಿಕಟಿಕ ಎಂದು ಸುಮ್ಮನೆ ತಿರುಗಿತು. ಆಮೇಲೆ ಎರಡೂ ಕಾಲು ನೆಲಕ್ಕೆ ಊರಿ, ಎಳೆದುಕೊಂಡು ನಿಂತರು.

ನನಗೆ ಆ ಕ್ಷಣವೇ ಅರ್ಥವಾಯಿತು. ಈ ಡಚ್ಚರ ಸಾದಾ ಸೈಕಲ್ಲುಗಳಲ್ಲಿ ಎಷ್ಟೋ ಸಲ ಕೈಬ್ರೇಕು ಇರುವುದೇ ಇಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಚಕ್ರ ಕಚ್ಚಿಕೊಂಡು ನಿಲ್ಲುತ್ತದೆ. ಚಿಕ್ಕಂದಿನಲ್ಲಿ ನಮ್ಮೂರಿನ ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲ್ ತುಳಿದು ಕಲಿತವನಿಗೆ ಅಪಾಯ ಬಂದರೆ ಬೆರಳು ತಾನಾಗಿ ಬ್ರೇಕಿಗೆ ಹೋಗುತ್ತದೆ. ಅವನು ಇಲ್ಲಿಗೆ ಬಂದು ಹತ್ತು ವರ್ಷವಾದರೂ ಬೆರಳು ಮರೆಯುವುದಿಲ್ಲ. ಕಾಲು ಹಿಂದಕ್ಕೆ ಹೋಗುವುದು ಇಲ್ಲಿಗೆ ಬಂದ ಮೇಲೆಯೇ ಸೈಕಲ್ ಕಲಿತವರಿಗೆ ಮಾತ್ರ. ಅಧ್ಯಕ್ಷರು ಕನ್ನಡಿಗರ ಪ್ರತಿ ಕೂಟದಲ್ಲೂ ಹೇಳುತ್ತಿದ್ದ ಕತೆಯೇ ಬೇರೆ: ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ದಿನಾ ಕಾಲೇಜಿಗೆ ಸೈಕಲ್ಲು, ಮೆಜೆಸ್ಟಿಕ್ಕಿನ ಬಸ್ಸುಗಳ ಸಂದಿಯಲ್ಲಿ ತೂರುತ್ತಿದ್ದದ್ದು. ಒಂದು ದಿನವೂ ತೂರಿದ ಕಾಲಲ್ಲ ಅದು.

ಹೊಸ ಸೈಕಲ್ಲಿಗೆ ಇರುವುದು ಕೈಬ್ರೇಕು ಮಾತ್ರ. ಸಮತಟ್ಟಿನಲ್ಲಿ ಹೇಗೋ ನಡೆಯುತ್ತದೆ. ಇಳಿಜಾರಿನಲ್ಲಿ ಆಗುವುದಿಲ್ಲ. ಇದನ್ನು ಅವರನ್ನು ಪಕ್ಕಕ್ಕೆ ಕರೆದು ಎರಡು ಮಾತಿನಲ್ಲಿ ಹೇಳಬೇಕಿತ್ತು. ನಾನು ಹೇಳಲಿಲ್ಲ. ಹೆಂಡತಿ ಬಾಯಿ ಮುಚ್ಚಿಕೋ ಅಂದದ್ದು ಒಂದು ನೆಪ. ಅಂಗಳದ ಪಕ್ಕದ ಕೋಣೆ ನೆನಪಿತ್ತು. ಓದಿದವರಲ್ಲವೇ, ಕಂಡುಕೊಳ್ಳಲಿ ಅಂದುಕೊಂಡೆ.

ಮೂರನೆಯ ದಿನ, ಎಂದಿನಂತೆ ಬೆಳಿಗ್ಗೆ ನಾನು ಎಲ್ಲರ ಬ್ರೇಕು ನೋಡಿದ ಮೇಲೆ, ಊಟಕ್ಕೆ ಗುಡ್ಡದ ಮೇಲಿನ ಹಳ್ಳಿಯೊಂದಕ್ಕೆ ಹತ್ತಿದೆವು. ಹತ್ತುವಾಗ ನಾಲ್ವರೂ ಸೈಕಲ್ ತಳ್ಳಿದರು. ನಾನು ತುಳಿದೆ. ಅಲ್ಲಿ ನೆಲದಡಿಯ ವೈನ್ ಉಗ್ರಾಣ, ಮತ್ತೆ ಮುಕ್ಕಳಿಸುವಿಕೆ. ಅಧ್ಯಕ್ಷರು ಎರಡು ಗುಟುಕಿಗಿಂತ ಹೆಚ್ಚು ಕುಡಿಯಲಿಲ್ಲ, ಆ ಮಾತು ಅವರ ಮೇಲೆ ಹಾಕಲಾರೆ. ಇಳಿಯುವಾಗ ಗಾಡಿದಾರಿ, ಸಡಿಲ ಜಲ್ಲಿ. ಅಧ್ಯಕ್ಷರು ಮುಂದೆ, ನಾನು ಅವರ ಹಿಂದೆ.

ಮೊದಲ ತಿರುವಿಗೆ ವೇಗ ಏರಿತು. ಅವರ ಕಾಲು ಹಿಂದಕ್ಕೆ ತಿರುಗತೊಡಗಿತು. ಒಂದು ಸುತ್ತು, ಎರಡು ಸುತ್ತು, ಆಮೇಲೆ ಎಣಿಸಲಾಗದಷ್ಟು. ಟಿಕಟಿಕಟಿಕ. ಕೈ ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದಿತ್ತು, ಒಂದು ಬೆರಳೂ ಬ್ರೇಕಿಗೆ ಹೋಗಲಿಲ್ಲ. “ಕೈ! ಕೈ!” ಎಂದು ಕೂಗಿದೆ. ಅವರಿಗೆ ಏನು ಕೇಳಿಸಿತೋ. ಎರಡನೆಯ ತಿರುವಿನಲ್ಲಿ ದಾರಿ ಎಡಕ್ಕೆ ಹೋಯಿತು, ಅವರು ನೆಟ್ಟಗೆ ಹೋದರು. ದ್ರಾಕ್ಷಿ ಗಿಡಗಳ ಮೇಲೆ ಹಾರಿ ಬಿದ್ದರು.

ಸೈಕಲ್ ಎಸೆದು ಓಡಿದೆ. ಮೊಣಕೈ ಸೀಳಿತ್ತು, ತುಟಿ ಒಡೆದಿತ್ತು, ಹಳದಿ ಕನ್ನಡಕ ಎರಡಾಗಿತ್ತು. ಅವರು ಬಿದ್ದಲ್ಲಿಂದ ಹತ್ತು ಅಡಿ ಆಚೆ ಕಲ್ಲಿನ ಗೋಡೆ. ಅದನ್ನು ನೋಡುತ್ತಲೇ ನನ್ನ ಕರ್ಚೀಫನ್ನು ಅವರ ಮೊಣಕೈಗೆ ಬಿಗಿದು ಕಟ್ಟಿದೆ.

ಉಳಿದವರೂ ಬಂದರು. ಅಧ್ಯಕ್ಷರು ಎದ್ದು ಕೂತು ಮೊದಲು ಆಡಿದ ಮಾತು: “ಬ್ರೇಕ್ ಹಿಡೀಲಿಲ್ಲ. ಬೆಳಿಗ್ಗೆ ತಾನೆ ಇವ್ರು ಮುಟ್ಟಿದ್ದು!”

ಎಲ್ಲರೂ ನನ್ನನ್ನು ನೋಡಿದರು. ಮೈಸೂರಿನವರು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. “ಭಾಯ್, ಸ್ವಲ್ಪ ಲೂಸ್ ಇತ್ತು ಅಂದ್ಬಿಡಿ. ಸಾರಿ ಅಂದ್ಬಿಡಿ. ಏನ್ ಹೋಗತ್ತೆ? ರೂಮ್ ವಿಷ್ಯ ಇದೆಯಲ್ಲ, ಅವ್ರೇ ನಿಮ್ ಹೆಸ್ರು ಹೇಳ್ಬೇಕು.”

“ಹೌದು, ಅವ್ರೇ ಹೇಳ್ಬೇಕು,” ಅಂದೆ.

ಏನು ಹೋಗುತ್ತದೆ! ಬ್ರೇಕು ಸಡಿಲವಾಗಿತ್ತು ಎಂದು ಒಪ್ಪಿಕೊಂಡ ಮೇಲೆ ನಾನು ಆ ಕೋಣೆಯಲ್ಲಿ ಕೂತು ಯಾರ ಬ್ರೇಕು ಮುಟ್ಟಲಿ? ಮುನ್ನೂರು ಸೈಕಲ್ಲುಗಳಲ್ಲಿ ಮಕ್ಕಳ ಸೈಕಲ್ಲೂ ಇವೆ.

ಅಧ್ಯಕ್ಷರ ಸೈಕಲ್ಲನ್ನು ಗಿಡಗಳಿಂದ ಬಿಡಿಸಿದೆ. ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ತಿರುಚಿದ್ದ ಹ್ಯಾಂಡಲ್ಲನ್ನು ನೆಟ್ಟಗೆ ಮಾಡಿದೆ. ಬ್ರೇಕಿನ ಒಂದು ಸ್ಕ್ರೂ ಕೂಡ ಮುಟ್ಟಲಿಲ್ಲ. ಎಲ್ಲರೂ ನೋಡುತ್ತಿರುವ ಹಾಗೆಯೇ ಅದನ್ನು ಹಳ್ಳಿಯವರೆಗೆ ತಳ್ಳಿಕೊಂಡು ಹೋದೆ. ಹತ್ತಿ ಕೂತು ಇಳಿಜಾರಿಗೆ ಬಿಟ್ಟೆ. ತಿರುವಿನಲ್ಲಿ ಅವರ ಚಕ್ರ ಜಲ್ಲಿ ಬಗೆದ ಗುರುತು ಇತ್ತು. ಅವರಿಗಿಂತ ಜೋರಾಗಿ ಬಂದು, ಆ ಗುರುತಿನ ಮೇಲೆ ನಿಲ್ಲಿಸಿದೆ. ಒಂದು ಗೇಣೂ ಆಚೆ ಹೋಗಲಿಲ್ಲ. ಆ ಹೊತ್ತಿಗೆ ನನ್ನ ವಯಸ್ಸು ಐವತ್ತು.

“ಬ್ರೇಕ್ ಸರಿಯಾಗಿದೆ ಸರ್,” ಅಂದೆ.

“ಮತ್ತೆ ಹೆಂಗಾಯ್ತು?” ಎಂದರು ಸ್ಪೀಕರಿನವರು.

ಅಧ್ಯಕ್ಷರು ನನ್ನ ಮುಖ ನೋಡಿದರು. ನನಗೆ ಗೊತ್ತು ಎಂಬುದು ಅವರಿಗೆ ಆಗ ಗೊತ್ತಾಯಿತು. ಕಾಲೇಜಿನ ಕತೆ, ಮೆಜೆಸ್ಟಿಕ್ಕು, ಬಸ್ಸುಗಳ ಸಂದಿ, ಎಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು. ಗೋಡೆ ಮತ್ತೊಮ್ಮೆ ಕಣ್ಣಿಗೆ ಬಿತ್ತು.

“ಬ್ರೇಕಿನ ವಿಷಯ ನಂದು. ಅದು ಸರಿಯಾಗಿದೆ. ಉಳಿದದ್ದು ಅವರನ್ನೇ ಕೇಳಿ.”

“ಕಲ್ಲು ಜಾರ್ತು ಅನ್ಸತ್ತೆ,” ಎಂದರು ಅಧ್ಯಕ್ಷರು, ನೆಲ ನೋಡುತ್ತ. ಕಲ್ಲು ಮರುಮಾತಾಡುವುದಿಲ್ಲ, ಅದಕ್ಕೆ ಯಾವ ಕೋಣೆಯೂ ಬೇಕಾಗಿಲ್ಲ.

ಮಾರನೆಯ ಬೆಳಿಗ್ಗೆ ಉಳಿದ ಮೂವರು ತಮ್ಮ ನಿಶ್ಶಬ್ದಕ್ಕೆ ಹೊರಟರು. ನಾನು ಅಧ್ಯಕ್ಷರನ್ನು ಹಿಂದಿನ ಸಂಜೆ ಹಾಕಿಸಿದ್ದ ಮೊಣಕೈಯ ಹೊಲಿಗೆ ತೋರಿಸಲು ಪಟ್ಟಣಕ್ಕೆ ವ್ಯಾನಿನಲ್ಲಿ ಕರೆದೊಯ್ದೆ. ಹೆದ್ದಾರಿಯಲ್ಲಿ ಲಾರಿಗಳ ಸಾಲು. ಟ್ರಾಫಿಕ್ ಇಲ್ಲದ ಪ್ರವಾಸದಲ್ಲಿ ನಾವಿಬ್ಬರು ಟ್ರಾಫಿಕ್ಕಿನಲ್ಲಿ ಸಿಕ್ಕಿ ಕೂತಿದ್ದೆವು. ಅವರು ಕಿಟಕಿಯ ಗಾಜು ಏರಿಸಿದರು.

“ಫಸ್ಟ್ ಡೇನೇ ನೋಡಿದ್ರಿ, ಅಲ್ವಾ?”

“ನೋಡಿದೆ.”

“ಹೇಳ್ಬೋದಿತ್ತು.”

“ಹೇಳ್ಬೋದಿತ್ತು.”

ಮುಂದಿನ ಲಾರಿ ಒಂದಿಷ್ಟು ಸರಿಯಿತು, ನಾನೂ ಸರಿದೆ. “ನಮ್ಮಮ್ಮ ಸೈಕಲ್ ಮುಟ್ಟಕ್ಕೇ ಬಿಡ್ಲಿಲ್ಲ,” ಎಂದರು. “ಕೈ ಮುರ್ಕೊಂಡ್ರೆ ಎಕ್ಸಾಮ್ ಹೆಂಗ್ ಬರೀತೀಯ ಅನ್ನೋರು. ಟೆಂತ್ ಆಗ್ಲಿ, ಪಿಯುಸಿ ಆಗ್ಲಿ, ಇಂಜಿನಿಯರಿಂಗ್ ಆಗ್ಲಿ. ಇಲ್ಲಿಗೆ ಬಂದ್ಮೇಲೆ, ಮೂವತ್ತೆಂಟಕ್ಕೆ, ಮಗಳ ಜೊತೆ ಪಾರ್ಕಲ್ಲಿ ಕಲ್ತಿದ್ದು. ಅವಳು ಮೂರ್ ದಿನಕ್ಕೆ ಕಲ್ತಳು.”

“ನೀವು?”

“ಅದನ್ನ ಕೇಳ್ಬೇಡಿ.”

ಒಂದು ಕೈ ಮುರಿಯದಂತೆ ಕಾಪಾಡಿಕೊಂಡು ಇಷ್ಟೆಲ್ಲ ಓದಿ, ಕೊನೆಗೆ ಸ್ಪೇನಿಗೆ ತಂದು ಹೊಲಿಗೆ ಹಾಕಿಸಿಕೊಂಡ ಮನುಷ್ಯ. ನಗು ಬಂತು. ನಗಲಿಲ್ಲ. ನಾನು ಎರಡು ಮಾತು ಆಡಿದ್ದರೆ ಆ ಹೊಲಿಗೆ ಬೇಕಿರಲಿಲ್ಲ.

ನವೆಂಬರ್ ಸಭೆಯ ತೀರ್ಮಾನ ಈಮೇಲಿನಲ್ಲಿ ಬಂತು. ಮಾನ್ಯತೆ ಪಡೆದ ಸರ್ಟಿಫಿಕೇಟ್ ಇರುವವರು ಸಿಗದ ಕಾರಣ ಕೋಣೆಯನ್ನು ಯಾರಿಗೂ ಕೊಡುತ್ತಿಲ್ಲ. ನಿವಾಸಿಗಳ ಅನುಕೂಲಕ್ಕೆ ಸ್ವಸಹಾಯ ರಿಪೇರಿ ಕಂಬ ನಿಲ್ಲಿಸಲಾಗುವುದು. ಹೋಗಿ ನೋಡಿ ಬಂದೆ. ಉಕ್ಕಿನ ಕಂಬ, ತಂತಿಯಲ್ಲಿ ನೇತುಬಿದ್ದ ನಾಲ್ಕು ಸ್ಪ್ಯಾನರ್, ಒಂದು ಪಂಪು, ಫೋನಿಗೆ ತೋರಿಸಿದರೆ ವಿಡಿಯೋ ಬರುವ ಕ್ಯೂಆರ್ ಚೌಕ. ಕಂಬದ ಕೆಳಗೆ ಪಂಕ್ಚರಾದ ನಾಲ್ಕು ಸೈಕಲ್ಲು ಒರಗಿಕೊಂಡಿದ್ದವು. ಮನೆಯಲ್ಲಿ ಹೆಂಡತಿ ಕೇಳಿದಳು, “ಬಾಯಿ ಬಿಟ್ರಾ ಹಂಗಾದ್ರೆ?” “ಬಿಡಬೇಕಾದಲ್ಲಿ ಬಿಡ್ಲಿಲ್ಲ, ಮುಚ್ಚಬೇಕಾದಲ್ಲಿ ಮುಚ್ಚಲಿಲ್ಲ,” ಅಂದೆ. ಅವಳು ಚಹಾ ಸೋಸಿದಳು. ಡಿಸೆಂಬರಿನಲ್ಲಿ ಡಚ್ ಮಾಲೀಕ ಬಾಗಿಲು ಹಾಕಿದ.

ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ಅಧ್ಯಕ್ಷರು ನಮ್ಮ ಮನೆಯ ಹಿಂದಿನ ಶೆಡ್ಡಿನ ಮುಂದೆ ನಿಂತಿದ್ದರು. ಸೈಕಲ್ಲನ್ನು ಟ್ರೇನಿನಲ್ಲಿ ತಂದಿದ್ದರು.

“ಸ್ವಲ್ಪ ಬ್ರೇಕ್ ನೋಡ್ತೀರಾ?”

ನೋಡಿದೆ. “ಸರಿಯಾಗಿದೆ.”

“ಗೊತ್ತು.” ಶೆಡ್ಡಿನ ಒಳಗೆ ಕಣ್ಣಾಡಿಸಿದರು. “ಮೀಟಿಂಗಲ್ಲಿ ನಾನು ನಿಮ್ಮ ಹೆಸರು ಹೇಳಿದ್ದೆ.”

“ಬ್ರೇಕಿನ ಮೇಲೆ ಒಂದು ಸುಳ್ಳು ಹೇಳಿದೀರಿ ಸರ್. ಸಾಕು, ಇನ್ನೊಂದು ಬೇಡ.”

ಅವರು ತಲೆ ತಗ್ಗಿಸಿದರು. “ಹೇಳ್ಲಿಲ್ಲ,” ಎಂದರು. ನಿಜ ಹೇಳುವಾಗ ಮನುಷ್ಯ ಸ್ವಲ್ಪ ಕುಳ್ಳಗೆ ಕಾಣುತ್ತಾನೆ. “ಅದಕ್ಕಲ್ಲ ಬಂದಿದ್ದು. ಬೇಸಿಗೆಗೆ ಮತ್ತೆ ಹೋಗ್ಬೇಕು ಅಂತಿದಾರೆ ಎಲ್ಲಾ. ನಂಗೆ... ಕೈ ಬರಲ್ಲ.”

ವಾಪಸ್ ಕಳಿಸಬಹುದಿತ್ತು. ನಿಮ್ಮ ಕಂಬದ ಹತ್ತಿರ ಹೋಗಿ, ವಿಡಿಯೋ ಬರುತ್ತದಲ್ಲ ಅನ್ನಬಹುದಿತ್ತು. ಆ ಮಾತು ಎಷ್ಟು ಚೆನ್ನಾಗಿ ಸಿದ್ಧವಾಗಿತ್ತೆಂದರೆ ಆಡದೆ ಬಿಟ್ಟದ್ದಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೆ ಕಾಲು ಹಿಂದಕ್ಕೆ ಹೋಗುವುದನ್ನು ನೋಡಿ ಒಂದು ಸಲ ಸುಮ್ಮನಿದ್ದವನು ನಾನು. ಎರಡನೆಯ ಸಲ ಅಲ್ಲಿ ದ್ರಾಕ್ಷಿ ಗಿಡ ಇರುತ್ತದೆಂದು ಯಾರು ಹೇಳುತ್ತಾರೆ?

ಸ್ಪ್ಯಾನರ್ ತೆಗೆದುಕೊಂಡು ಅವರ ಸೈಕಲ್ಲಿನ ಎರಡೂ ಪೆಡಲ್ ಬಿಚ್ಚಿದೆ. ಕಾಲಿಗೆ ಕೆಲಸವೇ ಇಲ್ಲದ ಹಾಗೆ ಮಾಡಿ, ಕಾಲುವೆಯ ಸೇತುವೆಗೆ ಕರೆದೊಯ್ದೆ. ವೂರ್‌ಬರ್ಗಿನಲ್ಲಿ ಇಳಿಜಾರು ಅಂತ ಇರುವುದು ಅದೊಂದೇ. “ಕೂತ್ಕೊಳ್ಳಿ. ಕಾಲು ಜೋತು ಬಿಡಿ. ಬಿಟ್ಕೊಂಡು ಬನ್ನಿ. ಆ ದೀಪದ ಕಂಬದ ಹತ್ರ ನಿಲ್ಲಿಸ್ಬೇಕು.”

“ಜನ ನೋಡ್ತಾರೆ.”

“ನೋಡ್ಲಿ. ನನ್ನನ್ನ ನಾಲ್ಕು ಜನ ನೋಡಿದ್ರು.”

ಎಷ್ಟೋ ಜನರ ಮೇಲಧಿಕಾರಿ ಕಾಲು ಜೋತುಬಿಟ್ಟುಕೊಂಡು ಸೇತುವೆ ಇಳಿದರು. ಡಚ್ ಮುದುಕಿಯೊಬ್ಬಳು ನಾಯಿಯನ್ನು ಪಕ್ಕಕ್ಕೆ ಎಳೆದುಕೊಂಡಳು. ಕಾಲು ಗಾಳಿಯಲ್ಲೇ ಹಿಂದಕ್ಕೆ ತುಳಿಯಿತು. ಕಂಬ ದಾಟಿ ಬೇಲಿಗೆ ತಾಗಿ ನಿಂತರು. ಹನ್ನೊಂದನೆಯ ಸಲ ಎರಡು ಬೆರಳು ಬ್ರೇಕಿಗೆ ಹೋದವು. ಇನ್ನೂ ಎಷ್ಟೋ ಭಾನುವಾರ ಬೇಕು ಅಂದೆ. ಬರುತ್ತೇನೆ ಅಂದರು. ಪೆಡಲ್ ಕೇಳಿದರು. ಕೊಡಲಿಲ್ಲ, ಟ್ರೇನಿನಲ್ಲಿ ತಂದದ್ದನ್ನು ಟ್ರೇನಿನಲ್ಲೇ ಒಯ್ಯಿರಿ ಅಂದೆ.

ಈಗ ನನ್ನ ಬಳಿ ಇರುವುದು ಇಷ್ಟು. ಮನೆಯ ಹಿಂದೆ ಮರದ ಶೆಡ್ಡು ಒಂದು. ಡಚ್ ಮಾಲೀಕ ಬಿಟ್ಟುಕೊಟ್ಟ ಚಕ್ರದ ಸ್ಟ್ಯಾಂಡು ಒಂದು. ದಾವಣಗೆರೆಯಿಂದ ತಂದ ಸ್ಪೋಕ್ ಕೀ ಒಂದು. ಮೂರು ಸೈಕಲ್ಲಿನಿಂದ ಮಾಡಿದ ಸೈಕಲ್ಲು ಒಂದು. ಚೀಟಿ ಕಟ್ಟಿಸಿಕೊಂಡು ರಿಪೇರಿಗೆ ಕಾದಿರುವ ಸೈಕಲ್ಲು ಒಂಬತ್ತು, ಅದರಲ್ಲಿ ಆರು ಆಮ್ಸ್ಟೆಲ್‌ವೀನಿನ ಆ ನೆಲಮಾಳಿಗೆಯವು. ಸರ್ಟಿಫಿಕೇಟ್ ಇಲ್ಲ. ಕೋಣೆ ಇಲ್ಲ. ಅಧ್ಯಕ್ಷರ ಪೆಡಲ್ ಎರಡು.